ಕಂಪೌಂಡರ್ ಹೊಲಿದ ಸಂಚಿ

ಕೊಹೀರ್ ರಸ್ತೆಯ ಮಠದ ವೃದ್ಧಾಶ್ರಮದಲ್ಲಿ ಆ ಮಧ್ಯಾಹ್ನ ಸುಂದರಬಾಯಿ ಮೈಯೆಲ್ಲ ಬೆವತು ಗೋಡೆಗೆ ಒರಗಿಬಿಟ್ಟಳು. ಆಶ್ರಮದ ವೃದ್ಧರನ್ನು ನೋಡಿಕೊಳ್ಳುವ ತಾರಾಬಾಯಿ ಓಡಿ ಬಂದು ಬೆಲ್ಲದ ನೀರು ಕುಡಿಸಿದಳು. ಸದ್ಯ, ಮುದುಕಿಯ ಜೀವ ಉಳಿಯಿತು.

ಅಷ್ಟರಲ್ಲಿ ಜಹೀರಾಬಾದಿನಿಂದ ಸೈಕಲ್ ತುಳಿದುಕೊಂಡು ಬಂದ, ಆಶ್ರಮಕ್ಕೆ ಗುಳಿಗೆ ತಂದುಕೊಡುವ ಕಂಪೌಂಡರ್ ಮಾಣಿಕಪ್ಪ ಮುದುಕಿಯ ಬೆವರು, ಬೆಲ್ಲದ ನೀರು ಕಂಡು ಹಿಂದೆಮುಂದೆ ನೋಡದೆ, ಎಲ್ಲರ ಎದುರಿಗೇ, “ಬಿ.ಪಿ. ಇದ್ದವರಿಗೆ ಶುಗರ್ ಗುಳಿಗಿ ಕೊಟ್ಟೀರೇನ್ರಿ ತಾರಾಬಾಯಿ? ಲಕ್ಷ್ಯ ಎಲ್ಲಿ ಅದ ನಿಮ್ದು?” ಎಂದುಬಿಟ್ಟ.

ಆ ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ಓಡಿಹೋಗಿ ಕನ್ನಡಿ ನೋಡಿಕೊಳ್ಳುತ್ತಿದ್ದ ಹುಡುಗಿ ತಾರಾಬಾಯಿ! ಸರಕ್ಕನೆ ಒಳಗೆ ಹೋಗಿ ಟ್ರಂಕಿಗೆ ಸೀರೆಗಳನ್ನು ತುಂಬಿ ಬೀಗ ಹಾಕಿದಳು. ಬೆಳಗಿನ ಬಸ್ಸಿಗೆ ತಾಂಡೂರಿನ ಅಣ್ಣನ ಮನೆ, ಮತ್ತೆ ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದುಕೊಂಡಳು.

ನಿಜ ಹೊರಬಿದ್ದದ್ದು ಸಂಜೆ. ಗೆಳತಿಗೆ ಸುಸ್ತು ಅಂತ ತನ್ನ ಶುಗರ್ ಗುಳಿಗೆಯನ್ನು ತಾನೇ ಕೊಟ್ಟೆನೆಂದು ಪಕ್ಕದ ಹಾಸಿಗೆಯ ಸುಗಲಾಬಾಯಿ ಅಳುತ್ತಾ ಒಪ್ಪಿಕೊಂಡಳು. ಅಲ್ಲಿ ಎಲ್ಲರದೂ ಅದೇ ಕಥೆ. ಆಮೇಲೆ ತಿಂತೀನಿ ಎಂದು ಸೆರಗಿಗೆ ಗಂಟು ಹಾಕುವುದು, ಎಲೆ ಅಡಿಕೆಯಂತೆ ಹಂಚಿಕೊಳ್ಳುವುದು. ಒಂದೇ ತಟ್ಟೆಯಲ್ಲಿ ಉಂಡವರಿಗೆ ಗುಳಿಗೆಯದೇನು ಬೇರೆ ಲೆಕ್ಕ? ತಾರಾಬಾಯಿ ಬೈದು ಬೈದು ಸೋತಿದ್ದಳು. ಮಾಣಿಕಪ್ಪ ತಲೆ ತಗ್ಗಿಸಿ ಕೇಳಿಸಿಕೊಂಡ. ಅಂದು ಅವನು ಊರಿಗೆ ಹಿಂದಿರುಗಲಿಲ್ಲ.

ಬೆಳಿಗ್ಗೆ ಟ್ರಂಕು ಹಿಡಿದು ಹೊರಬಂದವಳು ಪಡಸಾಲೆಯಲ್ಲೇ ನಿಂತುಬಿಟ್ಟಳು. ವೃದ್ಧರೆಲ್ಲ ಲಿಂಗಪೂಜೆ ಮುಗಿಸಿ ಕೂತಿದ್ದರು. ಒಬ್ಬೊಬ್ಬರ ಮುಂದೆಯೂ ಒಂದೊಂದು ಪುಟ್ಟ ಸಂಚಿ, ಒಳಗೆ ಅವರವರ ಗುಳಿಗೆ. ಹೊಲಿಗೆ ಸೊಟ್ಟಂಪಟ್ಟ, ಬಟ್ಟೆ ಮಾತ್ರ ಅವರವರದೇ ಹಳೆಯ ಸೀರೆ, ಧೋತರದ್ದು. ಅಕ್ಷರ ಬಾರದವರೂ ತಮ್ಮ ಸೀರೆಯ ಗುರುತು ಮರೆಯುತ್ತಾರೆಯೇ?

“ಕೊರಳಾಗಿನ ಲಿಂಗ ಇನ್ನೊಬ್ಬರ ಕೈಯಾಗ ಕೊಡ್ತೀರೇನ್ರಿ? ಇದೂ ಹಂಗೇರಿ,” ಎನ್ನುತ್ತಿದ್ದ ಮಾಣಿಕಪ್ಪ. “ಒಬ್ಬರದು ಒಬ್ಬರು ಮುಟ್ಟಂಗಿಲ್ಲ.”

ಅಭ್ಯಾಸಬಲದಿಂದ ಗೆಳತಿಯ ಕಡೆ ಚಾಚಿದ ಸುಗಲಾಬಾಯಿಯ ಕೈ ಅರ್ಧದಲ್ಲೇ ನಿಂತಿತು. ಅವಳು ತನ್ನ ಸಂಚಿಯನ್ನು ಕಣ್ಣಿಗೊತ್ತಿಕೊಂಡಳು. ಆಗಷ್ಟೇ ಲಿಂಗ ಕೂತಿದ್ದ ಅಂಗೈಯಲ್ಲಿ ಗುಳಿಗೆ ಇಟ್ಟುಕೊಂಡು, ತಲೆಬಾಗಿ, ನುಂಗಿದಳು. ಉಳಿದವರೂ ಹಾಗೇ ಮಾಡಿದರು. ಅಷ್ಟು ಬೈದರೂ ಬಗ್ಗದ ಈ ಮುದಿಜೀವಗಳು ಅಂಗೈ ನೋಡುತ್ತಾ ಹೀಗೆ ಕೂತದ್ದನ್ನು ತಾರಾಬಾಯಿ ಕಂಡೇ ಇರಲಿಲ್ಲ. ಅವಳಿಗೂ ಕೈ ಮುಗಿಯಬೇಕೆನ್ನಿಸಿತು.

ಮಾಣಿಕಪ್ಪ ಎದ್ದು ಬಂದ. ಬೆರಳ ತುಂಬ ಸೂಜಿ ಚುಚ್ಚಿದ ಗಾಯ.

“ಎಲ್ಲರ ಮುಂದ ಅಂದೀನಿ, ಎಲ್ಲರ ಮುಂದೇ ಕೇಳ್ತೀನ್ರಿ. ತಪ್ಪಾತು. ಹೋಗಬ್ಯಾಡ್ರಿ.”

ಅವನ ಕೈಯಲ್ಲಿ ಇನ್ನೊಂದು ಸಂಚಿಯಿತ್ತು, ಅವನದೇ ಅಂಗಿಯ ಬಟ್ಟೆಯದು, ಖಾಲಿ. ಅದು ಯಾರಿಗೆಂದು ಅವಳು ಕಣ್ಣಲ್ಲೇ ಕೇಳಿದಳು.

“ನಂದೇರಿ. ನನ್ನ ಜಡ್ಡಿಗೆ ಜಹೀರಾಬಾದಿನಾಗ ಔಷಧ ಸಿಗಂಗಿಲ್ಲ.”

ಮುದುಕಿಯರು ಸೆರಗು ಬಾಯಿಗಿಟ್ಟು ನಕ್ಕರು. ರಸ್ತೆಯಲ್ಲಿ ತಾಂಡೂರ್ ಬಸ್ಸು ಹಾರ್ನ್ ಹೊಡೆಯಿತು. ತಾರಾಬಾಯಿ ಟ್ರಂಕನ್ನು ಕೆಳಗಿಟ್ಟು, ಸೊಂಟದಿಂದ ಅದರ ಬೀಗದ ಕೈ ಬಿಚ್ಚಿ ಆ ಸಂಚಿಯೊಳಗೆ ಹಾಕಿದಳು.

“ಇನ್ನೊಬ್ಬರು ಮುಟ್ಟಂಗಿಲ್ಲ ಅಂದೀರಿ,” ಎಂದಳು. “ನೆನಪಿರ್ಲಿ.”