ಕಂಬಳಿ ಹೊದ್ದ ಕಂಪ್ಯೂಟರ್

ಮಂಚದ ಮೇಲೆ ಮಲಗಿದ್ದವಳು ಮೆಲ್ಲಗೆ ಕಣ್ಣು ಬಿಟ್ಟಳು. ಮೇಜಿನ ಮುಂದೆ ಕೂತಿದ್ದವನು ಅದೇ ಹೊತ್ತಿಗೆ ತಿರುಗಿದ. ಇಬ್ಬರ ಕಣ್ಣೂ ಕೂಡಿದವು... ಅಷ್ಟರಲ್ಲಿ ಅವನ ಮುಂದಿದ್ದ ಪರದೆ ಕಪ್ಪಾಯಿತು.

"ಏನು ನೋಡ್ತಿದ್ರಿ?"

"ಏನಿಲ್ಲ. ನೀನು ಮಲಗು."

ಅಷ್ಟು ಹೇಳಿ ಅವನು ಎದ್ದು ಅಡುಗೆಮನೆಗೆ ಹೋಗಿಬಿಟ್ಟ. ನಿನ್ನೆಯೂ ಹೀಗೇ ಆಗಿತ್ತು, ಮೊನ್ನೆಯೂ ಹೀಗೇ.

ಹಿರಿಯರು ನೋಡಿ ಮಾಡಿದ ಮದುವೆ. ಇನ್ನೂ ವರ್ಷ ತುಂಬಿಲ್ಲ. ಅವಳು ಆಸ್ಪತ್ರೆಯಲ್ಲಿ ನರ್ಸ್, ರಾತ್ರಿ ಪಾಳಿ. ಅವನು ಕೊರಿಯರ್ ಗೋಡೌನಿನಲ್ಲಿ ಮಧ್ಯಾಹ್ನದಿಂದ ರಾತ್ರಿವರೆಗೆ ಪೆಟ್ಟಿಗೆ ಎತ್ತುವವನು. ಬೆಳಗ್ಗೆ ಅವಳು ಕಾಲೆಳೆದುಕೊಂಡು ಬಂದು ಹಾಸಿಗೆಗೆ ಬೀಳುತ್ತಾಳೆ, ಅವನು ಕಂಪ್ಯೂಟರ್ ಮುಂದೆ ಆಟಕ್ಕೆ ಕೂರುತ್ತಾನೆ. ಇರುವುದು ಒಂದು ಕೋಣೆ, ಒಂದು ಅಡುಗೆಮನೆ. ಇಷ್ಟು ಚಿಕ್ಕ ಮನೆಯಲ್ಲಿ ಇಬ್ಬರು ಇಷ್ಟು ದೂರ ಇರಬಹುದು ಅಂತ ಯಾರಿಗೆ ಗೊತ್ತಿತ್ತು?

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದಳೇನೋ. ಆದರೆ ಹೋದ ವಾರ ಮಂಚದ ಮೇಲಿನ ದೊಡ್ಡ ಕಂಬಳಿ ಮಾಯವಾಯಿತು. ಇಬ್ಬರೂ ಹೊದೆಯಲಿ ಅಂತ ಅಕ್ಕ ಆಸೆಪಟ್ಟು ಕೊಟ್ಟಿದ್ದ ಕಂಬಳಿ ಅದು. ಕೇಳಿದರೆ, "ಒಗೆಯೋಕೆ ಹಾಕಿದೀನಿ" ಅಂದ. ಅದರ ಜಾಗಕ್ಕೆ ಒಬ್ಬರಿಗೆ ಸಾಲುವ ತೆಳ್ಳನೆ ಹೊದಿಕೆ ಬಂತು. ಅದೆಂಥ ಕಂಬಳಿಯೋ, ವಾರವಾದರೂ ಒಣಗಲಿಲ್ಲ.

'ಜೊತೆಗೆ ಹೊದೆಯೋದೂ ಬೇಡವಾಯ್ತೇನೋ...' ಅಂದುಕೊಂಡಳು.

ಅಕ್ಕನಿಗೆ ಫೋನ್ ಮಾಡಿದರೆ ಅವಳು ಉರಿಯುವ ಬೆಂಕಿಗೆ ತುಪ್ಪ ಸುರಿದಳು. "ನೀನು ಕಣ್ಣು ಬಿಟ್ಟಾಗಲೇ ಪರದೆ ಆರತ್ತೆ ಅಂದ್ರೆ ಏನೇ ಅರ್ಥ? ಯಾರ ಜೊತೆನೋ ಮಾತಾಡ್ತಿರ್ತಾನೆ ಕಣೇ. ಇಷ್ಟೂ ತಿಳಿಯಲ್ವಾ ನಿಂಗೆ?"

ಅಳು ಬರಲಿಲ್ಲ. ಅಳುವುದಕ್ಕೂ ಮೈಯಲ್ಲಿ ತ್ರಾಣ ಬೇಕಲ್ಲ. ನರ್ಸ್‌ಗಳ ಹಾಸ್ಟೆಲ್ಲಿನಲ್ಲಿ ಒಂದು ಮಂಚ ಖಾಲಿ ಇತ್ತು. ಹಾಸ್ಟೆಲ್ ನೋಡಿಕೊಳ್ಳುವ ಮೇಟ್ರನ್ ಹತ್ತಿರ ಮಾತಾಡಿದಳು. "ಇವತ್ತು ಮಧ್ಯಾಹ್ನದೊಳಗೆ ತಿಳಿಸಮ್ಮ, ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀನಿ" ಅಂದರು ಅವರು. ಗಂಡನಿಗೆ ಹೇಳಿ ಹೊರಟುಬಿಡುವುದು ಅಂತ ಗಟ್ಟಿ ಮನಸ್ಸು ಮಾಡಿಕೊಂಡೇ ಆ ಬೆಳಗ್ಗೆ ಮನೆಗೆ ಬಂದಳು.

"ಬಂದ್ಯಾ? ಬಿಸಿನೀರು ಕಾಯಿಸಿಟ್ಟಿದೀನಿ."

"ನಿಮ್ಮ ಹತ್ರ ಸ್ವಲ್ಪ ಮಾತಾಡ್ಬೇಕಿತ್ತು."

ಅವನು ಗಡಿಯಾರ ನೋಡಿದ. "ಈಗ ಬೇಡ... ಒಂದು ಮುಖ್ಯವಾದ ಆಟ ಇದೆ. ಅದಾದ ಮೇಲೆ ಮಾತಾಡೋಣ್ವಾ?"

ಆಟ ಮುಖ್ಯ. ಹೆಂಡತಿ ಆಮೇಲೆ.

ಅವಳು ಗೋಡೆ ಕಡೆ ತಿರುಗಿ ಮಲಗಿದಳು. ನಿದ್ದೆ ಎಲ್ಲಿಂದ ಬರಬೇಕು? ಕಣ್ಣು ಮುಚ್ಚಿಕೊಂಡು ಉಸಿರು ಒಂದೇ ಸಮ ಬಿಡುತ್ತಿದ್ದಳು, ಅಷ್ಟೆ. ಅವನು ಮಂಚದ ಹತ್ತಿರ ಬಂದು ಬಗ್ಗಿ ನೋಡಿ ಹೋದದ್ದು ಗೊತ್ತಾಯಿತು. ಆಮೇಲೆ ಕುರ್ಚಿಯನ್ನು ಎಳೆಯದೆ ಎತ್ತಿಟ್ಟ. ಏನೋ ಬಟ್ಟೆ ಸರಿದ ಸದ್ದು. ಹೆಡ್‌ಫೋನಿನ ಮೈಕಿನಲ್ಲಿ ಅವನ ಪಿಸುಮಾತು ಶುರುವಾಯಿತು.

"ಹ್ಞೂಂ, ಮಲಗಿದಾಳೆ... ಇಲ್ಲ ಕಣೋ, ಫ್ಯಾನ್ ಜೋರು ಮಾಡಲ್ಲ."

ಅವಳು ಉಸಿರು ಹಿಡಿದಳು.

"ಕಾದು ಆಫ್ ಆಗತ್ತೆ ಅಂತ ನಂಗೂ ಗೊತ್ತು. ಆಟ ಶುರುವಾಗೋಕೆ ಇನ್ನೂ ಹೊತ್ತಿದೆ, ಈಗಲೇ ಓಡಿಸಿ ನೋಡ್ತಿದೀನಿ. ಮೊನ್ನೆನೂ ಹಂಗೇ ಆಯ್ತು, ನಿನ್ನೆನೂ ಆಯ್ತು... ರಾತ್ರಿಯೆಲ್ಲ ನಿಂತೇ ಇರ್ತಾಳೆ ಕಣೋ ಅವಳು. ಮದುವೆಯಾದ ಹೊಸದ್ರಲ್ಲಿ ಇದರ ಸದ್ದಿಗೆ ಬೆಚ್ಚಿಬಿದ್ದು ಎದ್ದು, 'ಇದೇನು ಹಿಟ್ಟಿನ ಗಿರಣಿನಾ' ಅಂದಿದ್ಲು. ಆ ಮುಖ ನೋಡೋಕಾಗಿರಲಿಲ್ಲ ನಂಗೆ... ಇವತ್ತೂ ಆಫ್ ಆದ್ರೆ ತಂಡಕ್ಕೆ ತಗೊಳಲ್ವಾ? ಬಿಡು. ಏನ್ಮಾಡ್ಲಿ ಹೇಳು."

ಅವಳು ನಿಧಾನವಾಗಿ ಮಗ್ಗುಲು ಬದಲಿಸಿದಳು.

ಗಂಡ ಮೇಜಿನ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ. ಕೈಯಲ್ಲಿ ಹಳೇ ಕ್ಯಾಲೆಂಡರಿನ ರಟ್ಟು. ಸದ್ದಾಗದ ಹಾಗೆ ಕಂಪ್ಯೂಟರಿಗೆ ಗಾಳಿ ಬೀಸುತ್ತಿದ್ದ. ಆ ಡಬ್ಬದ ಸುತ್ತ, ಮೂತಿಯೊಂದು ಬಿಟ್ಟು ಉಳಿದದ್ದೆಲ್ಲ ಮುಚ್ಚುವಂತೆ ಹೊದಿಸಿದ್ದು... ಅವರ ದೊಡ್ಡ ಕಂಬಳಿ.

ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ನುಗ್ಗಿದವು. ಎದ್ದು ಬಂದು, ವಾರ್ಡಿನಲ್ಲಿ ರೋಗಿಯ ಹಣೆ ಮುಟ್ಟುವ ಹಾಗೆ ಡಬ್ಬದ ಮೇಲೆ ಕೈಯಿಟ್ಟಳು. ಚುರ್ರೆಂದಿತು.

"ಜ್ವರ ಇಷ್ಟು ಏರಿದವರಿಗೆ ಯಾರಾದ್ರೂ ಕಂಬಳಿ ಹೊದಿಸ್ತಾರೇನ್ರೀ?"

ಅವನ ತಲೆ ಮೇಜಿಗೆ ಠಪ್ಪನೆ ಬಡಿಯಿತು. "ಎಚ್ಚರ ಆಯ್ತಾ? ನಾನು ಸದ್ದೇ ಮಾಡ್ಲಿಲ್ವಲ್ಲ..."

"ಏನಿದು?"

"ಹಳೇ ಕಂಪ್ಯೂಟರು. ಹೊಸ ಆಟಕ್ಕೆ ಇದರ ವೇಗ ಸಾಲಲ್ಲ. ಅದಕ್ಕೆ ಓವರ್‌ಕ್ಲಾಕ್ ಮಾಡಿದೀನಿ. ಅಂದ್ರೆ ಅದರ ಶಕ್ತಿ ಮೀರಿ ಓಡಿಸ್ತಿದೀನಿ. ಹಂಗೆ ಓಡಿದ್ರೆ ಕಾಯತ್ತೆ. ಅದರೊಳಗಿನ ಫ್ಯಾನ್ ಜೋರಿಟ್ರೆ ನೀನು ಏಳ್ತೀಯ, ಕಮ್ಮಿ ಇಟ್ರೆ ಅದು ಆರತ್ತೆ. ಸದ್ದು ಹೊರಗೆ ಬರಬಾರ್ದು ಅಂತ ಕಂಬಳಿ..."

"ಕಂಬಳಿ ಹೊದಿಸಿದ್ರೆ ಇನ್ನೂ ಕಾಯಲ್ವಾ?"

"ಕಾಯತ್ತೆ." ಅವನು ತಲೆ ತಗ್ಗಿಸಿದ. "ಬೇರೆ ಏನೂ ತೋಚಲಿಲ್ಲ."

"ನಾನು ಕಣ್ಣು ಬಿಟ್ಟಾಗೆಲ್ಲ ನೀವೇ ಪರದೆ ಆರಿಸ್ತಿದೀರಿ ಅಂದ್ಕೊಂಡಿದ್ದೆ."

"ನಾನಾ? ಅದೇ ಆರಿಹೋಗ್ತಿತ್ತು. ಆಟ ಹೋಯ್ತಲ್ಲ ಅಂತ ಮುಖ ಸಪ್ಪಗಾಗ್ತಿತ್ತು. ನಿಂಗೆ ಕಾಣಬಾರ್ದು ಅಂತ ಒಳಗೆ ಹೋಗ್ತಿದ್ದೆ."

ಅವಳಿಗೆ ತಡೆಯಲಾಗಲಿಲ್ಲ. "ಹಾಸ್ಟೆಲ್ಲಿಗೆ ಹೋಗ್ತೀನಿ ಅಂತ ಹೇಳೋಕೆ ಬಂದಿದ್ದೆ ಇವತ್ತು."

ರಟ್ಟು ಕೈಯಿಂದ ಜಾರಿತು. ಹೆಡ್‌ಫೋನಿನಲ್ಲಿ ಯಾರೋ ಅವನನ್ನು ಒಂದೇ ಸಮ ಕರೆಯುತ್ತಿದ್ದರು. ಅವನು ಅದನ್ನು ತೆಗೆದು ನೆಲದ ಮೇಲಿಟ್ಟ.

"ಹೋಗ್ಬೇಡ. ಆಟ ಬೇಕಾದ್ರೆ ಬಿಡ್ತೀನಿ. ಈ ತಂಡದವರು ಆಡೋದಕ್ಕೇ ಸಂಬಳ ಕೊಡ್ತಾರೆ. ತಗೊಂಡ್ರೆ ಗೋಡೌನ್ ಕೆಲಸ ಬಿಡಬಹುದು, ಸಂಜೆ ನೀನು ಏಳೋ ಹೊತ್ತಿಗೆ ಮನೇಲಿರಬಹುದು ಅಂತ ಇಷ್ಟೆಲ್ಲ ಒದ್ದಾಡಿದ್ದು. ನೀನೇ ಇಲ್ದಿದ್ರೆ ಯಾರಿಗೆ ಬೇಕು ಇದು?"

"ಇದನ್ನ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?"

"ಯಾವಾಗ್ಲೂ ಮಲಗಿರ್ತಿದ್ಯಲ್ಲ."

"ಮಲಗ್ತಿರಲಿಲ್ಲ ರೀ... ಇವತ್ತಾದ್ರೂ ಮಾತಾಡಿಸ್ತೀರೇನೋ ಅಂತ ಕಣ್ಣು ಮುಚ್ಕೊಂಡು ಬಿದ್ದಿರ್ತಿದ್ದೆ. ನೀವು ಕೆಲಸಕ್ಕೆ ಹೋದ ಮೇಲೇ ನಿದ್ದೆ ಬರ್ತಿದ್ದದ್ದು."

ಅವಳೂ ಅವನ ಪಕ್ಕ ನೆಲದ ಮೇಲೆ ಕೂತಳು. ಎಷ್ಟು ದಣಿದಿದ್ದರೆಂದರೆ, ಒಬ್ಬರ ಭುಜಕ್ಕೆ ಒಬ್ಬರು ಒರಗಿದ್ದು ಪ್ರೀತಿಗೋ ಸುಸ್ತಿಗೋ ಅವರಿಗೇ ತಿಳಿಯಲಿಲ್ಲ.

ಮೊದಲು ಎದ್ದವಳು ಅವಳೇ. ಕಂಬಳಿ ಕಿತ್ತು ಮಂಚಕ್ಕೆ ಎಸೆದಳು. ಕಂಪ್ಯೂಟರ್ ಆರಿಸಿ, ಅದನ್ನು ಮೇಜಿನ ಕೆಳಗಿನ ಮೂಲೆಯಿಂದ ಎಳೆದು ಇಬ್ಬರೂ ಸೇರಿ ಮೇಜಿನ ಮೇಲಿಟ್ಟರು. ಜಾಲರಿಗೆ ಹತ್ತಿಯ ಹಾಗೆ ಮೆತ್ತಿದ್ದ ದೂಳನ್ನು ಬ್ರಷ್‌ನಿಂದ ತೆಗೆದಳು. "ಗೋಡೆಗೆ ಒತ್ತಿಟ್ರೆ ಬಿಸಿ ಗಾಳಿ ಎಲ್ಲಿಗೆ ಹೋಗ್ಬೇಕು? ಉಸಿರಾಡೋಕೆ ಜಾಗ ಬೇಡ್ವಾ ಅದಕ್ಕೆ?"

ಆಮೇಲೆ ಮೇಟ್ರನ್‌ಗೆ ಫೋನ್ ಮಾಡಿದಳು. "ಆ ಮಂಚ ಬೇರೆಯವರಿಗೆ ಕೊಟ್ಟುಬಿಡಿ ಮೇಡಂ."

ಹಾಸಿಗೆಗೆ ಬಿದ್ದು ಹೇಳಿದಳು, "ಫ್ಯಾನ್ ಪೂರ್ತಿ ಜೋರು ಮಾಡಿ."

"ನಿನ್ನ ನಿದ್ದೆ..."

"ವಾರ್ಡಲ್ಲಿ ಇದಕ್ಕಿಂತ ಜೋರಾದ ಗೊರಕೆಗಳಿವೆ. ಮಾಡಿ ಅಂದ್ರೆ."

ಅವನು ಅಂಜುತ್ತಂಜುತ್ತ ಫ್ಯಾನ್ ಏರಿಸಿದ. ಕೋಣೆಯ ತುಂಬ ಗಿರಣಿಯ ಸದ್ದು. ಅವನು ಅಲ್ಲೇ ಇದ್ದಾನೆ, ತನಗಾಗಿಯೇ ಒದ್ದಾಡುತ್ತಿದ್ದಾನೆ ಅನ್ನುವುದೊಂದೇ ಅವಳ ತಲೆಯಲ್ಲಿತ್ತು. ಆಟ ಶುರುವಾಗುವ ಮೊದಲೇ ನಿದ್ದೆ ಹೋಗಿದ್ದಳು.

ಎಚ್ಚರವಾದಾಗ ಮಧ್ಯಾಹ್ನ ಕಳೆದಿತ್ತು. ಗೋಡೌನಿನಲ್ಲಿ ಇರಬೇಕಾದವನು ಮಂಚದ ಪಕ್ಕ ನೆಲದ ಮೇಲೆ ಕೂತಿದ್ದ.

"ಗೆದ್ರಾ?"

"ಸೋತೆ. ಆದ್ರೆ ಕೊನೇವರೆಗೂ ಆಡಿದೆ, ಒಂದು ಸಲನೂ ಆರಲಿಲ್ಲ. ಮುಂದಿನ ವಾರ ಇನ್ನೊಂದು ಸಲ ಬಾ ಅಂದಿದಾರೆ."

"ಮತ್ತೆ ಕೆಲಸಕ್ಕೆ ಯಾಕೆ ಹೋಗ್ಲಿಲ್ಲ?"

"ರಜೆ ಹಾಕಿದೆ. ನೀನು ಹೀಗೆ ಮೈಮರೆತು ನಿದ್ದೆ ಮಾಡೋದನ್ನ ಇವತ್ತೇ ಮೊದಲು ನೋಡಿದ್ದು. ಬಿಟ್ಟು ಹೋಗೋಕೆ ಮನಸ್ಸಾಗಲಿಲ್ಲ."

"ದಿನಾ ನೋಡ್ತಿದ್ರಲ್ಲ?"

"ಅದೆಲ್ಲ ನಾಟಕ ಅಂತ ನೀನೇ ಹೇಳಿದ್ಯಲ್ಲ. ಇವತ್ತು ಬಾಯಿ ತೆಗ್ದುಕೊಂಡು ಮಲಗಿದ್ದೆ."

ಅವಳು ನಾಚಿ ಮುಖವನ್ನು ದಿಂಬಿನಲ್ಲಿ ಹುದುಗಿಸಿದಳು. ಅಲ್ಲಿಂದಲೇ ದನಿ ಬಂತು.

"ಇನ್ನೂ ನಿದ್ದೆ ಬರ್ತಿದೆ ರೀ."

"ಮಲಗು. ನಾನು ಇಲ್ಲೇ ಇರ್ತೀನಿ."