ಕಾಲುವೆಯ ಸೈರನ್ ಕೂಗಲಿಲ್ಲ

ಹೆಂಡತಿಯನ್ನು ಮಣ್ಣು ಮಾಡಿದ ಮರುದಿನವೇ ಅಂಬ್ರಪ್ಪ ಶಹಾಪುರಕ್ಕೆ, ಶಾಂತಾದೇವಿಯವರ ಮನೆಗೆ ಬಂದು ಹೊಸ್ತಿಲಲ್ಲಿ ಕುಸಿದು ಕೂತ. ಪೊಲೀಸ್ ವೈರ್‌ಲೆಸ್ ವಿಭಾಗದಿಂದ ನಿವೃತ್ತರಾದ ಅವರ ಬಳಿ ಇಂಥ ಗೋಳು ಆಗಾಗ ಬರುತ್ತದೆ. ಪಕ್ಕದ ಮನೆಯ ಮಹಾದೇವಪ್ಪನಾದ ನಾನು ಅವರನ್ನು ಬೈಕಿನಲ್ಲಿ ಒಯ್ಯುವವನು. ಬಿಟ್ಟಿ ಚಾಕರಿ ಎಂದು ನನ್ನ ಹೆಂಡತಿ ಬೈಯುತ್ತಾಳೆ.

ಅಂಬ್ರಪ್ಪ ಸುರಪುರದ ಕಡೆಯ ಒಂದು ಕಾಲುವೆ ಕಚೇರಿಯ ಜವಾನ. ನೀರು ಬಿಡುವ ಮೊದಲು ದಂಡೆಯ ಸೈರನ್ ಕೂಗಬೇಕು. ಅಮಾವಾಸ್ಯೆಯ ದಿನ ಅದು ಕೂಗಲಿಲ್ಲ. ಬಟ್ಟೆ ಒಗೆಯಲು ಇಳಿದಿದ್ದ ಅವನ ಹೆಂಡತಿ ಅಮೃತಮ್ಮ ಕೊಚ್ಚಿಹೋದಳು. ಕಂಪ್ಯೂಟರಿನಿಂದ ಸೈರನ್ ಒತ್ತುವ ಕೆಲಸ ಕರೆಮ್ಮನದು. ಅವಳು ನಿದ್ದೆ ಹೊಡೆದಳೆಂದು ತಪ್ಪನ್ನೆಲ್ಲ ಅವಳ ತಲೆಗೆ ಕಟ್ಟಿದ್ದರು. ಕೇಸೂ ಆಗಿತ್ತು.

“ಒತ್ತೇನಿ ಅಂತ ಅಳತಾಳ್ರಿ ಅಕಿ. ಖರೇ ಏನಂತ ನನಗ ಗೊತ್ತಾಗಬೇಕ್ರಿ. ನನ್ನ ಹೇಣ್ತಿನ ಯಾರ ಕೊಂದಾರ, ಹುಡುಕಿ ಕೊಡ್ರಿ,” ಎಂದ ಅಂಬ್ರಪ್ಪ.

ಕಚೇರಿಗೆ ಹೋದೆವು. ಎಂಜಿನಿಯರ್ ಬುದ್ಧಪ್ರಿಯ ನೆಟ್‌ವರ್ಕ್ ಸ್ವಿಚ್ ತೋರಿಸಿದ. ಕಂಪ್ಯೂಟರಿನ ಆಜ್ಞೆಯನ್ನು ಸೈರನ್ನಿಗೆ ದಾಟಿಸುವ ಪೆಟ್ಟಿಗೆ ಅದು. ಏನು ಎಡವಟ್ಟಾದರೂ ಒಂದು ಸಾಲು ಬರೆದಿಡುತ್ತದೆ. ಆದರೆ ಅಂದು ನೀರು ಬಿಡುವ ಹೊತ್ತಿನವರೆಗಿನ ಸಾಲುಗಳೇ ಇರಲಿಲ್ಲ. ಕರೆಮ್ಮನೇ ಅಳಿಸಿದ್ದಾಳೆಂದು ಅವನ ವಾದ. ಅವತ್ತು ಕರೆಂಟು ಹೋಗಿರಲಿಲ್ಲ, ಪೆಟ್ಟಿಗೆಯನ್ನು ಯಾರೂ ಮುಟ್ಟಿಲ್ಲ ಎಂದು ಎಲ್ಲರೂ ಹೇಳಿದರು. ಕಂಪ್ಯೂಟರಿನ ಮೇಲೆ ದಪ್ಪ ಧೂಳು. ಪೆಟ್ಟಿಗೆ ಮಾತ್ರ ಥಳಥಳ, ಮೇಲೆ ವಿಭೂತಿ, ಒಣಗಿದ ಚೆಂಡುಹೂ. ನಾನು ಕೈಮುಗಿದು ಸುಮ್ಮನಾದೆ. ನನ್ನ ಬುದ್ಧಿ ಅಷ್ಟೇ.

ಶಾಂತಾದೇವಿಯವರು ಕಂಪ್ಯೂಟರಿನ ಮುಂದೆ ಕೂತರು. ಆ ಸಾಲುಗಳು ಪೆಟ್ಟಿಗೆಯ ತಾತ್ಕಾಲಿಕ ನೆನಪಿನಲ್ಲಷ್ಟೇ ಉಳಿಯುತ್ತಿದ್ದವಂತೆ. ಇನ್ನು ಕರೆಂಟು ಹೋದರೂ ಅಳಿಯದಂತೆ ಕಂಪ್ಯೂಟರಿನ ಲಾಗ್ ಫೈಲಿಗೆ ಸೇರುವ ಹಾಗೆ ಹೊಂದಿಸಿದರು. ಮುಂದಿನ ಅಮಾವಾಸ್ಯೆ ಮುಗಿಯಲಿ ಎಂದು ಎದ್ದುಬಿಟ್ಟರು. ನನಗೆ ಸಿಟ್ಟು ಬಂತು. ಅಷ್ಟರಲ್ಲಿ ಕರೆಮ್ಮನ ಮನೆಗೆ ಊರವರು ಕಲ್ಲು ತೂರಿದರು.

ಅಮಾವಾಸ್ಯೆಯ ಮರುದಿನ ಶಾಂತಾದೇವಿಯವರು ಎಲ್ಲರನ್ನೂ ಕಚೇರಿಯಲ್ಲಿ ಕೂಡಿಸಿದರು. ಹೊರಗೆ ಕೂತಿರು ಎಂದರೆ ಅಂಬ್ರಪ್ಪ ಒಪ್ಪಲಿಲ್ಲ.

“ಕರೆಮ್ಮ ಅಳಿಸಿದ್ರ, ಅಳಿಸಿದ್ದಕ್ಕೂ ಒಂದು ಸಾಲು ಇರತಿತ್ತು,” ಎಂದರು ಶಾಂತಾದೇವಿ. “ಇದ್ದದ್ದು ಪೆಟ್ಟಿಗಿ ಹೊಸದಾಗಿ ಶುರು ಆದ ಸಾಲು ಅಷ್ಟ. ಅಂದ್ರ ಅದಕ್ಕ ಕರೆಂಟ್ ತಪ್ಪಿತ್ತು, ನೆನಪು ಹೋತು. ಕಚೇರಿ ಕರೆಂಟ್ ಹೋಗಿಲ್ಲ. ಅಂದ್ರ ಯಾರೋ ವಾಯರ್ ತಗದಾರ.”

ಧೂಳಿನ ಕೋಣೆಯಲ್ಲಿ ಒರೆಸಿದ್ದ ಆ ಒಂದು ಪೆಟ್ಟಿಗೆ, ಅದರ ಮೇಲಿನ ಹೂವು ನೋಡಿ ಅಮಾವಾಸ್ಯೆಯ ಪೂಜೆ ಅವರಿಗೆ ಹೊಳೆದಿತ್ತು. ಊಹೆಯ ಮೇಲೆ ಒಬ್ಬರನ್ನು ದೂರಲು ಮನಸ್ಸು ಬರದೆ ಕಾದರು. ನಿನ್ನೆಯ ಲಾಗ್ ಫೈಲಿನಲ್ಲಿ ಪೂಜೆಯ ಹೊತ್ತಿಗೆ ಸಾಲುಗಳು ನಿಂತು, ಮತ್ತೆ ಹೊಸದಾಗಿ ಶುರುವಾಗಿದ್ದವು. ನಿನ್ನೆ ನೀರು ಬಿಡುವುದಿರಲಿಲ್ಲ. ಅವತ್ತು ಇತ್ತು. ಕರೆಮ್ಮ ಒತ್ತಿದ್ದು ಸೈರನ್ನಿಗೆ ತಲುಪಲೇ ಇಲ್ಲ. ಪೂಜೆಯೂ ಪೆಟ್ಟಿಗೆ ಮುಟ್ಟಿದಂತೆಯೇ ಎಂದು ಯಾರಿಗೂ ಅನಿಸಿರಲಿಲ್ಲ.

ಪೂಜೆ ಯಾರು ಮಾಡುತ್ತಾರೆಂದು ಅವರು ಕೇಳಲಿಲ್ಲ.

“ನಾನ್ರಿ,” ಎಂದ ಅಂಬ್ರಪ್ಪ. “ಹಸಿ ಬಟ್ಟಿಲೆ ಒರಸೂ ಮುಂದ ವಾಯರ್ ತಗೀತೀನ್ರಿ. ನನ್ನ ಹೇಣ್ತಿನ ಹೇಳಿದ್ದಳ್ರಿ. ಶಾಕ್ ಹೊಡದು ನಿನಗೇನರ ಆದ್ರ ನಾ ಏನ್ ಮಾಡ್ಲಿ, ಮೊದಲ ವಾಯರ್ ತಗಿ ಅಂತ ಆಣಿ ಮಾಡಿಸ್ಕೊಂಡಿದ್ದಳ್ರಿ.”

ಕರೆಮ್ಮ ತಾನು ಪಾರಾದದ್ದನ್ನೂ ಮರೆತು ಅವನ ಮುಂದೆ ಕೂತು ಅತ್ತಳು. ಯಾಕಾದರೂ ಪತ್ತೆಯಾಯಿತೋ ಅನ್ನಿಸಿತು ನನಗೆ.