ಬೇವನಕೆರೆಯ ಹದಿನೇಳು ಬಾತು

ಜನವರಿ 19, ಭಾನುವಾರ, ಬೆಳಿಗ್ಗೆ 7.10. ಕ್ಯಾಸಂಬಳ್ಳಿ ಠಾಣೆಯ ಮೇಜಿನ ಮೇಲೆ ಅರ್ಚನ ಒಂದು ಬಕೆಟ್ ಇಟ್ಟಳು. ಒಳಗೆ ಸತ್ತ ಬಾತು. ಕೊಕ್ಕಿನ ತುದಿಯಲ್ಲಿ ಹಳದಿ ಚುಕ್ಕೆ.

ಕಾನ್‌ಸ್ಟೆಬಲ್ ಗಿರಿ ಬಗ್ಗಿ ನೋಡಿದ. "ಮೇಡಂ, ಕಂಪ್ಲೇಂಟ್ ಕೊಡೋಕೆ ಬಾಡಿ ಸಮೇತ ಬಂದವ್ರೆ."

ಪಿಎಸ್‌ಐ ಶಶಿರೇಖ ನಗಲಿಲ್ಲ. "ಏನಮ್ಮ ಇದು?"

"ಬೇವನಕೆರೆಯ ನೀರು, ಹಕ್ಕಿ ಎರಡ್ರ ಮೇಲೂ ಸಂಶೋಧನೆ ಮಾಡ್ತಿದೀನಿ ಮೇಡಂ. ನಿನ್ನೆ ಸಂಜೆ ನಲವತ್ಮೂರು ಬಾತು ಇದ್ವು. ಇವತ್ತು ಬದುಕಿರೋದು ಇಪ್ಪತ್ತಾರು. ಹನ್ನೊಂದು ಸತ್ತು ತೇಲ್ತಿದ್ವು, ಅದ್ರಲ್ಲಿ ಒಂದು ಇದು."

"ಇನ್ನಾರು?"

"ಅದೇ ಗೊತ್ತಿಲ್ಲ."

ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು. ಅರಣ್ಯ ಇಲಾಖೆಗೂ ತಿಳಿಸಲಾಯಿತು.

8.05ಕ್ಕೆ ಜೀಪು ಕೆರೆ ಸೇರಿದಾಗ ಏರಿಯ ಮೇಲೆ ಊರಿನ ರೈತ ಕದಿರಪ್ಪ ಎರಡು ಹಸುಗಳ ಹಗ್ಗ ಬಿಗಿಹಿಡಿದು ನಿಂತಿದ್ದ. "ಚಿನ್ನದ ಗಣಿ ಸೈನೇಡ್ ದಿಬ್ಬದ ನೀರು ನುಗ್ಗೈತೆ ಮೇಡಂ. ನನ್ ಅಸುಗಳೂ ಓಯ್ತವೆ."

ಅರ್ಚನ ನೀರು ಪರೀಕ್ಷಿಸುವ ಮೀಟರನ್ನು ಕೆರೆಗಿಳಿಸಿದಳು. "ನೀರು ಕೆಟ್ಟಿದ್ರೆ ಮೊದ್ಲು ಮೀನು ಸಾಯ್ಬೇಕಿತ್ತು. ಅವು ಓಡಾಡ್ತಿವೆ. ನೀರಲ್ಲಿ ಆಮ್ಲಜನಕಾನೂ ಸಾಕಷ್ಟಿದೆ. ಮೀನು ತಿನ್ನೋ ನೀರುಕಾಗೆಗೂ ಏನಾಗಿಲ್ಲ. ಸತ್ತಿರೋದು ಕಾಳು ತಿನ್ನೋ ಬಾತು ಮಾತ್ರ."

"ಅಂಗಾದ್ರೆ ಅಸು ಕುಡೀಬೋದಾ?"

"ಲ್ಯಾಬ್ ವರದಿ ಬರೋವರ್ಗೂ ಬೇಡ ಕದಿರಪ್ಪ."

"ಮೇಡಂ, ಈ ಗಿರಿ ಕೆರೆಗಿಳಿದ್ರೆ ಮೊಸಳೇನೂ ದಡಕ್ಕೆ ಬಂದು ಸರೆಂಡರ್ ಆಗ್ತೈತೆ," ಎಂದ ಗಿರಿ.

"ಈ ಕೆರೇಲಿ ಮೊಸಳೆ ಇಲ್ಲ. ಬೂಟು ಬಿಚ್ಚಿ ಇಳೀರಿ," ಎಂದಳು ಶಶಿರೇಖ.

9.15ಕ್ಕೆ ಪಂಚರ ಎದುರು ಪಶುವೈದ್ಯರು ಒಂದು ಬಾತಿನ ಕೊರಳಿನ ಕಾಳುಚೀಲ ಕೊಯ್ದರು. ಒಳಗೆ ಭತ್ತ. ಭತ್ತಕ್ಕೆ ಬೆಳೆಯ ಹುಳಕ್ಕೆ ಹಾಕುವ ಔಷಧಿ ಮೆತ್ತಿತ್ತು. ಅಂಥದೇ ಭತ್ತ ಗಿರಿಗೂ ಸಿಕ್ಕಿತು, ಅರ್ಚನ ನೆಟ್ಟಿದ್ದ ನಾಲ್ಕನೇ ಅಳತೆ ಗೂಟದ ಬಳಿ, ಮೊಣಕಾಲುದ್ದದ ನೀರಿನಲ್ಲಿ.

10.40. ಏರಿಯ ಕೆಳಗೆ ಹೊಸದಾಗಿ ಅಗೆದ ಮಣ್ಣು, ಅದರ ಮೇಲೆ ನಾಯಿ ಕೆದಕದಂತೆ ಹೇರಿದ ಕಲ್ಲು. ಕಲ್ಲು ಸರಿಸಿದರೆ ರೆಕ್ಕೆಪುಕ್ಕ, ಹನ್ನೆರಡು ಕಾಲು, ಅಚ್ಚುಕಟ್ಟಾಗಿ ಕಿತ್ತ ಆರು ಕಾಳುಚೀಲ.

"ಚೀಲ ಕಿತ್ರೆ ವಿಷ ಹೋಯ್ತು ಅಂದ್ಕೊಂಡಿದಾನೆ," ಎಂದರು ವೈದ್ಯರು. "ಮಾಂಸಕ್ಕೂ ಇಳಿದಿರುತ್ತೆ. ಬೇಯಿಸಿದ್ರೂ ನಂಬೋ ಹಾಗಿಲ್ಲ."

ಆರು ಬಾತು ಎಲ್ಲೋ ಒಂದು ಒಲೆಯ ಮೇಲಿದ್ದವು. ಭಾನುವಾರ ಬೇರೆ.

"ನಾಲ್ಕನೇ ಗೂಟದ ಹತ್ರ ಬಾತು ಮೇಯುತ್ತೆ ಅಂತ ಯಾರಿಗೆ ಗೊತ್ತು?" ಶಶಿರೇಖ ಕೇಳಿದಳು.

ಅರ್ಚನ ಗೂಟದ ಕಡೆ ತಿರುಗಿದಳು. "ನನಗೆ. ಆಮೇಲೆ ನನ್ ಜೊತೆ ಲಾರಿ ಟ್ಯೂಬಿನ ತೆಪ್ಪ ನಡೆಸಿ ಹಕ್ಕಿ ಎಣಿಸೋ ಮುನಿರಾಜ್‌ಗೆ."

"ಎಲ್ಲಿ ಅವನು?"

"ರಜ ಕೇಳಿದ್ದ. ತಂಗಿ ಸೆಲ್ವಿಗೆ ಗಂಡು ಗೊತ್ತಾಗಿದೆ. ಉರಿಗಾಂ ಮನೇಲಿ ಗಂಡಿನ ಕಡೆಯವ್ರಿಗೆ ಇವತ್ತು... ಬಾಡೂಟ."

ಮುನಿರಾಜನ ಫೋನು ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಅರ್ಚನಳನ್ನೂ ಹತ್ತಿಸಿಕೊಂಡು ಜೀಪು ಹೊರಟಿತು. ದಾರಿಯುದ್ದಕ್ಕೂ ಗಿರಿ ಒಂದು ಡೈಲಾಗೂ ಹೊಡೆಯಲಿಲ್ಲ.

12.10. ಉರಿಗಾಂನಲ್ಲಿ ಗಣಿ ಕಾರ್ಮಿಕರ ಲೈನ್ ಮನೆಯ ಮುಂದೆ ಶಾಮಿಯಾನ. ಎಲೆಗಳ ಮುಂದೆ ಹತ್ತು ಹದಿನೈದು ಜನ. ಎಲೆಗಳಲ್ಲಿ ಬರೀ ಅನ್ನ.

ಗಂಡಿನ ತಂದೆ ಶ್ರೀನಿವಾಸಪ್ಪ ಎದ್ದು ನಿಂತ. "ಎಲೆ ಆಸಿ ಅರ್ಧ ಗಂಟೆ ಆಯ್ತು. ಅನ್ನ ಬಂತು, ಸಾರು ಬರಲ್ಲ. ಈಗ ಪೊಲೀಸ್ ಬಂದವ್ರೆ. ಸಾರು ಬಡಿಸೋಕೂ ಬಂದೋಬಸ್ತ್ ಬೇಕಾ ಈ ಮನೇಲಿ?"

ಅಡುಗೆಮನೆಯಲ್ಲಿ ಮುನಿರಾಜ್ ಸಾರಿನ ಪಾತ್ರೆಯ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿಹಿಡಿದು ಕೂತಿದ್ದ. ಅಂಗೈ ಕೆಂಪಗೆ ಬೆಂದಿತ್ತು. ತಾಯಿ ಮಾರಿಯಮ್ಮ ಸೌಟಿನಿಂದ ಅವನ ಬೆನ್ನಿಗೆ ಬಾರಿಸುತ್ತಿದ್ದಳು. "ಬುಡ್ಲಾ ಮುನಿ, ಮಾನ ಓಯ್ತದೆ. ಏನಾಯ್ತು ಅಂತನಾದ್ರೂ ಏಳ್ಲಾ."

ಅವನ ಕಣ್ಣು ಕಿಟಕಿಯ ಮೇಲಿತ್ತು. ಆ ಮನೆಯಲ್ಲಿ ಮೊದಲ ತುತ್ತು ಕಾಗೆಗೆ. ಹಿತ್ತಲ ಶೀಟಿನ ಮೇಲೆ ಎರಡು ಕಾಗೆ ಕಾಲು ಮೇಲೆ ಮಾಡಿ ಬಿದ್ದಿದ್ದವು.

"ಯಾರಾದ್ರೂ ತಿಂದ್ರಾ?" ಶಶಿರೇಖ ಕೇಳಿದಳು.

"ಇಲ್ಲ ಮೇಡಂ. ಕಾಗೆ ಮುಟ್ಟೋಗಂಟ ಅಮ್ಮ ಉಪ್ಪೂ ನೋಡಲ್ಲ. ಚೀಲ ಕಿತ್ತಾಕಿದ್ನಲ್ಲ... ಓಯ್ತು ಅಂದ್ಕಂಡೆ."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

ಮುನಿರಾಜ್ ಬಾಗಿಲಲ್ಲಿ ನಿಂತಿದ್ದ ಸೆಲ್ವಿಯನ್ನು ನೋಡಿದ. "ಏಳಿದ್ರೆ ಇವಳ್ ಮದ್ವೆ ನಿಲ್ತದೆ. ಬಡಿಸಿದ್ರೆ..." ಮುಚ್ಚಳ ಬಿಡಲಿಲ್ಲ. ಗಿರಿ ಒಂದೊಂದೇ ಬೆರಳು ಬಿಡಿಸಿದ.

12.35ಕ್ಕೆ ಬಂಧನ. ಪಾತ್ರೆಯನ್ನು ಪಂಚನಾಮೆ ಮಾಡಿ ಸೀಲ್ ಮಾಡಲಾಯಿತು. ಆರೋಪಿಯ ಹೇಳಿಕೆ ಅರ್ಧ ಪುಟ ಮಾತ್ರ. ಹಿಂದೊಂದು ಸಂಬಂಧದವರು ಇದೇ ಮನೆಯಲ್ಲಿ ಬಾಯ್ಲರ್ ಕೋಳಿಯನ್ನು ಎಲೆಯಲ್ಲೇ ಬಿಟ್ಟು, ಬೀದಿ ತಿರುವಿನಲ್ಲಿ ನಕ್ಕಿದ್ದರು. ಆ ನಗು ಸೆಲ್ವಿಗೂ ಕೇಳಿಸಿತ್ತು. ಶ್ರೀನಿವಾಸಪ್ಪ ಮಾತಿನ ನಡುವೆ, ಕೆರೆ ಬಾತು ತಿಂದು ಎಷ್ಟು ವರ್ಷವಾಯಿತೋ ಎಂದಿದ್ದ.

ಠಾಣೆಯ ದಾರಿಯಲ್ಲಿ ಅರ್ಚನ ಹಕ್ಕಿ ಎಣಿಕೆಯ ಪುಸ್ತಕ ತೆರೆದಳು. ನಿನ್ನೆಯ ನಲವತ್ತಮೂರು ಮುನಿರಾಜನ ದುಂಡು ಕೈಬರಹದಲ್ಲೇ ಇತ್ತು.

"ಅಕ್ಕಾ, ಟೈಮ್ ಎಷ್ಟು?" ಮುನಿರಾಜ್ ಕೇಳಿದ.

"ಒಂದೂಕಾಲು."

"ಏಳನೇ ಗೂಟದ ಜೊಂಡಿನ ಹಿಂದೇನೂ ಆ ಭತ್ತ ಆಕಿವ್ನಿ. ಐದಕ್ಕೆ ಮೇಯೋಕೆ ಬತ್ತವೆ ಬಾತು."

ಶಶಿರೇಖ ಚಾಲಕನ ಭುಜ ತಟ್ಟಿದಳು. ಜೀಪು ಕೆರೆಯ ಕಡೆ ತಿರುಗಿತು. ಹಿಂದಿನ ಸೀಟಿನಲ್ಲಿ ಗಿರಿ, ಯಾರೂ ಹೇಳದೆ, ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದ್ದ.